ಮೇರಿ ಹ್ಯಾಮಿಲ್ಟನ್ ಕಥೆ ಕನ್ನಡದಲ್ಲಿ ಹೇಳುವಾಗ ‘ಅವಳು’ ಅನ್ನಬೇಕಾ, ‘ಅವರು’ ಅನ್ನಬೇಕಾ?

ಕಿಟಕಿ ಪಕ್ಕ

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆಯಲ್ಲಿ ಕೂತಿರುವ ಪ್ರಶ್ನೆ ಇದು. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ತುಮಕೂರಿನಲ್ಲಿ ನಾವು ಎಂಟು ಜನ ಹೆಂಗಸರು ಭಾನುವಾರ ಸಂಜೆ ಒಬ್ಬರ ಮನೆ ತಾರಸಿ ಮೇಲೆ ಸೇರಿ ಓದುತ್ತೇವೆ. ಈ ವರ್ಷ ಅಮೆರಿಕದ ಕಪ್ಪು ಮಹಿಳೆಯರ ಬದುಕಿನ ಬಗ್ಗೆ ಓದೋಣ ಅಂತ ಮಾಡಿಕೊಂಡೆವು. ಗುಂಪಿನಲ್ಲಿ ಇಬ್ಬರಿಗೆ ಇಂಗ್ಲಿಷ್ ಬರುವುದಿಲ್ಲ. ಅದಕ್ಕೆ ವಾರಕ್ಕೊಬ್ಬರು ಓದಿಕೊಂಡು ಬಂದು ಕನ್ನಡದಲ್ಲಿ ಹೇಳುತ್ತೇವೆ. ಕಳೆದ ವಾರ ನನ್ನ ಸರದಿ. ನಾನು ಮೇರಿ ಹ್ಯಾಮಿಲ್ಟನ್ ಕಥೆ ಬರೆದುಕೊಂಡು ಹೋಗಿದ್ದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. 1963ರ ಜೂನ್ ತಿಂಗಳು. ಅಲಬಾಮಾ ರಾಜ್ಯದ ಗ್ಯಾಡ್ಸ್‌ಡನ್ ಊರು. ವರ್ಣಭೇದದ ವಿರುದ್ಧ ಹೋರಾಟಕ್ಕೆ ಇಳಿದು ಜೈಲು ಸೇರಿದ್ದ ಹ್ಯಾಮಿಲ್ಟನ್ ಕೋರ್ಟಿನಲ್ಲಿ ಸಾಕ್ಷಿ ಕಟ್ಟೆ ಹತ್ತಿದರು. ಆಗ ಅವರಿಗೆ 27 ವರ್ಷ. ಸರ್ಕಾರಿ ವಕೀಲ ಹೆಸರು ಕೇಳಿದ. ‘ಮಿಸ್ ಮೇರಿ ಹ್ಯಾಮಿಲ್ಟನ್’ ಅಂದರು. ಮುಂದಿನ ಪ್ರಶ್ನೆಯನ್ನು ಅವನು ‘ಮೇರಿ’ ಅಂತ ಶುರು ಮಾಡಿದ. ನನ್ನ ಹೆಸರು ಮಿಸ್ ಹ್ಯಾಮಿಲ್ಟನ್, ಸರಿಯಾಗಿ ಕರೆಯಿರಿ ಅಂದರು. ಅವನು ಮತ್ತೆ ‘ಮೇರಿ’ ಅಂದ. ಹಾಗೆ ಕರೆಯುವ ತನಕ ಉತ್ತರ ಕೊಡುವುದಿಲ್ಲ ಅಂತ ಹ್ಯಾಮಿಲ್ಟನ್ ಹಟ ಹಿಡಿದರು. ಉತ್ತರ ಕೊಡು ಅಂತ ಜಡ್ಜ್ ಹೇಳಿದರೂ ಬಗ್ಗಲಿಲ್ಲ. ನ್ಯಾಯಾಲಯ ನಿಂದನೆ ಅಂತ 5 ದಿನ ಜೈಲು, 50 ಡಾಲರ್ ದಂಡ. ಅಷ್ಟೇ ಕಾರಣ. ಒಂದು ‘ಮಿಸ್’.

ಆ ಕಾಲದಲ್ಲಿ ದಕ್ಷಿಣದ ಕೋರ್ಟುಗಳಲ್ಲಿ ಬಿಳಿ ಸಾಕ್ಷಿಗಳಿಗೆ ಮಿಸ್ಟರ್, ಮಿಸೆಸ್, ಮಿಸ್. ಕಪ್ಪು ಸಾಕ್ಷಿಗಳಿಗೆ ಬರೀ ಹೆಸರು. ಅದೇ ರೂಢಿ. ಅಲಬಾಮಾದ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. ಕೇಸು ವಾಷಿಂಗ್ಟನ್‌ವರೆಗೆ ಹೋಯಿತು. 1964ರ ಮಾರ್ಚ್ 30ರಂದು ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು.

ಈಗ ನನ್ನ ಪ್ರಶ್ನೆ. ನಾನು ಬರೆದುಕೊಂಡಿದ್ದ ಸಾಲು ಹೀಗಿತ್ತು: ‘ಮೇರಿ ಉತ್ತರ ಕೊಡಲಿಲ್ಲ. ತನ್ನನ್ನು ಸರಿಯಾಗಿ ಕರೆಯುವವರೆಗೂ ಬಾಯಿ ಬಿಡುವುದಿಲ್ಲ ಅಂದಳು.’ ಓದಿ ಮುಗಿಸಿದೆ. ನಮ್ಮ ಗುಂಪಿನಲ್ಲಿ ಶಾಲೆಯ ಬಿಸಿಯೂಟ ಬೇಯಿಸುವ ಅಕ್ಕ ಒಬ್ಬರಿದ್ದಾರೆ. ಅವರು ಕೇಳಿದರು: ‘ಅಲ್ಲ ಕಣವ್ವ, ಜಡ್ಜ್ ಹೇಳಿದರು ಅಂತೀಯ, ವಕೀಲರು ಕೇಳಿದರು ಅಂತೀಯ. ಈಯಮ್ಮನ ಮಾತು ಬಂದಾಗ ಮಾತ್ರ ಅಂದಳು ಅಂತೀಯಲ್ಲ. ಆ ವಕೀಲ ಮಾಡಿದ್ದೂ ಅದೇ ಅಲ್ವಾ?’

ಕೈಯಲ್ಲಿದ್ದ ಹಾಳೆ ನೋಡಿಕೊಂಡೆ. ಹದಿನಾಲ್ಕು ಕಡೆ ‘ಅವಳು’. ಒಂದು ಕಡೆಯೂ ನಾನು ಯೋಚಿಸಿ ಬರೆದಿರಲಿಲ್ಲ. ನೀವೆಲ್ಲ ಹೇಗೆ ಬರೆಯುತ್ತೀರಿ?

ಹಳೇ ಟೀಚರ್

ಆ ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಈ ಪ್ರಶ್ನೆಯನ್ನು ಒಂದು ದಿನವೂ ಮಕ್ಕಳ ಮುಂದೆ ಇಟ್ಟಿಲ್ಲ.

ಇಂಗ್ಲಿಷಿನಲ್ಲಿ ‘ಶಿ’ ಒಂದೇ. ರಾಣಿಗೂ ಅದೇ, ಕಸ ಗುಡಿಸುವವರಿಗೂ ಅದೇ. ಕನ್ನಡದಲ್ಲಿ ನಾವು ಕ್ರಿಯಾಪದ ಬರೆಯುವ ಹೊತ್ತಿಗೆ ಆ ಮನುಷ್ಯ ದೊಡ್ಡವರೋ ಚಿಕ್ಕವರೋ ಅಂತ ತೀರ್ಪು ಕೊಟ್ಟಾಗಿರುತ್ತದೆ. ಪೇಪರ್ ತೆಗೆದು ನೋಡಿ. ಮಂತ್ರಿ ‘ಹೇಳಿದರು’. ನಟಿ ‘ಹೇಳಿದರು’. ಹಲ್ಲೆಗೆ ಒಳಗಾದ ಕೂಲಿ ಹೆಂಗಸು ‘ದೂರಿದ್ದಾಳೆ’. ನಡುವೆ ‘ಆಕೆ’ ಅಂತ ಒಂದಿದೆ. ಮರ್ಯಾದೆ ಕೊಟ್ಟ ಹಾಗೂ ಇರುತ್ತದೆ, ಕೊಡದ ಹಾಗೂ ಇರುತ್ತದೆ.

ಇನ್ನೊಂದು ವಿಷಯ. ಅಮೆರಿಕದಲ್ಲಿ ಕಪ್ಪು ಜನರನ್ನು ಕುರಿತ ಪದಕ್ಕೆ ದೊಡ್ಡಕ್ಷರ ಹಾಕಬೇಕು ಅಂತ ದೊಡ್ಡ ಹೋರಾಟವೇ ನಡೆದಿದೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ‘ನೀಗ್ರೋ’ ಪದಕ್ಕೆ ದೊಡ್ಡಕ್ಷರ ಕೊಟ್ಟಿದ್ದು 1930ರಲ್ಲಿ. ‘ಬ್ಲ್ಯಾಕ್’ ಪದಕ್ಕೆ ಕೊಟ್ಟಿದ್ದು 2020ರಲ್ಲಿ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲ. ನಮಗೆ ಉಳಿದಿರುವುದು ಈ ‘ಅವರು’ ಒಂದೇ. ನಾನಂತೂ ‘ಅವರು’ ಅನ್ನುತ್ತೇನೆ.

ಕೃಷ್ಣೆ ದಡ

ನನಗೆ ಇಷ್ಟು ಸುಲಭ ಅನಿಸುತ್ತಿಲ್ಲ. ಸಿಟ್ಟು ಮಾಡಿಕೊಳ್ಳಬೇಡಿ.

ನಮ್ಮ ಕಡೆ ಅವ್ವಗ ‘ನೀ’ ಅಂತೀವಿ. ‘ಅವ್ವ ಬಂದಳು’ ಅಂತೀವಿ. ‘ಅವ್ವ ಬಂದರು’ ಅಂದರೆ ಯಾರೋ ಬೇರೆಯವರ ಮನಿ ಹೆಂಗಸು ಬಂದಂಗ ಆಗುತ್ತದೆ. ಎಲ್ಲಮ್ಮನ ಗುಡ್ಡಕ್ಕ ಹೋದರೂ ‘ತಾಯಿ ಕಾಪಾಡ್ತಾಳ’ ಅಂತಾರ, ‘ಕಾಪಾಡ್ತಾರ’ ಅನ್ನೋದಿಲ್ಲ. ವಚನಕಾರರು ದೇವರನ್ನೇ ‘ನೀನು’ ಅಂದರು. ಏಕವಚನ ಅಂದರೆ ಬರೀ ತಾತ್ಸಾರ ಅಲ್ಲ, ಸಲಿಗೆ. ಮೇರಿ ಹ್ಯಾಮಿಲ್ಟನ್ ಕಥೆ ಓದುವಾಗ ನನಗೆ ನಮ್ಮಕ್ಕನ ಕಥೆ ಓದಿದಂಗ ಅನಿಸಿತು. ‘ಅವಳು’ ಅಂತನೇ ಬಾಯಿಗೆ ಬಂತು. ‘ಅವರು’ ಅಂದರೆ ದೂರ ಕುಂದ್ರಿಸಿದಂಗ ಆಗುತ್ತದೆ ಅಲ್ವಾ?

ಮಾದಯ್ಯನ ಮೊಮ್ಮಗ

ಕೃಷ್ಣೆ ದಡ, ನಿಮ್ಮ ಮಾತು ನಿಜ. ನನಗೂ ನಮ್ಮ ಅಜ್ಜಿ ‘ಅವಳೇ’. ಆದರೆ ನನ್ನ ತಾತನ ಕಥೆ ಕೇಳಿ.

ತಾತನ ಹೆಸರು ಮಾದಯ್ಯ. ಮಂಡ್ಯದ ಕಡೆ ಹಳ್ಳಿ. ನಮ್ಮ ಕೇರಿಯಲ್ಲಿ ಎಲ್ಲರಿಗೂ ಮಾದಯ್ಯ. ಕೇರಿ ದಾಟಿದರೆ ‘ಮಾದ’. ಕೆಂಚಯ್ಯ ‘ಕೆಂಚ’. ಲಕ್ಷ್ಮಮ್ಮ ‘ಲಚ್ಚಿ’. ಅಯ್ಯ, ಅಪ್ಪ, ಅಮ್ಮ ಅನ್ನುವ ಬಾಲವನ್ನು ಕತ್ತರಿಸಿಯೇ ಕರೆಯುವುದು. ನನಗೆ ನೆನಪಿರುವ ಒಂದು ಬೆಳಿಗ್ಗೆ ಇದೆ. ಜಮೀನಿನವರ ಮನೆ ಹುಡುಗ, ಎಂಟು ವರ್ಷ ಇರಬಹುದು, ಜಗುಲಿ ಮೇಲೆ ನಿಂತು ‘ಏ ಮಾದ, ಬಾರೋ ಇಲ್ಲಿ’ ಅಂದ. ತಾತನಿಗೆ ಆಗ ಎಪ್ಪತ್ತು ದಾಟಿತ್ತು. ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ‘ಬಂದೆ ಬುದ್ಧಿ’ ಅಂದರು. ನಾನು ಪಕ್ಕದಲ್ಲಿ ಅವರ ಬೆರಳು ಹಿಡಿದುಕೊಂಡಿದ್ದೆ. ಆ ಹುಡುಗನೂ ನಾನೂ ಒಂದೇ ವಯಸ್ಸು.

ವೋಟರ್ ಪಟ್ಟಿಯಲ್ಲೂ ‘ಮಾದ ಬಿನ್ ಕರಿಯ’ ಅಂತಲೇ ಇತ್ತು. ಬರೆದುಕೊಂಡವರು ಹಾಗೆ ಬರೆದುಕೊಂಡರು. ‘ಮಾದಯ್ಯ’ ಅಂತ ಮೊದಲ ಸಲ ಅಚ್ಚಾಗಿದ್ದು ನನ್ನ ಅಕ್ಕನ ಮದುವೆ ಲಗ್ನಪತ್ರಿಕೆಯಲ್ಲಿ. ತಾತನಿಗೆ ಓದಲು ಬರುತ್ತಿರಲಿಲ್ಲ. ಎಲ್ಲಿದೆ ತೋರಿಸು ಅಂತ ಕೇಳಿ ಆ ಜಾಗದ ಮೇಲೆ ಬೆರಳಿಟ್ಟು ನೋಡಿದರು.

ಆ ಏಕವಚನವನ್ನೂ ಜಮೀನಿನವರು ‘ಪ್ರೀತಿ’ ಅಂತಲೇ ಹೇಳುತ್ತಿದ್ದರು. ಮನೆ ಆಳು, ನಮ್ಮವನೇ ಅಂತ. ಸಲಿಗೆ ಇದ್ದರೆ ಎರಡೂ ಕಡೆಯಿಂದ ಇರಬೇಕಲ್ಲ. ನೀವು ಅವ್ವನಿಗೆ ‘ನೀ’ ಅಂದರೆ ಅವ್ವನೂ ನಿಮಗೆ ‘ನೀ’ ಅಂತಾರೆ. ತಾತ ಆ ಹುಡುಗನಿಗೆ ‘ಬಾರೋ’ ಅನ್ನಬಹುದಿತ್ತಾ? ಹ್ಯಾಮಿಲ್ಟನ್ ಅವರು ತಿರುಗಿ ವಕೀಲನ ಮೊದಲ ಹೆಸರು ಹಿಡಿದು ಕರೆಯಬಹುದಿತ್ತಾ?

ಕೃಷ್ಣೆ ದಡ

ಇಲ್ಲ. ನಿಮ್ಮ ತಾತನ ಬೆರಳು ಕಣ್ಣ ಮುಂದೆ ಬಂತು. ನಾನು ಆ ಕಡೆಯಿಂದ ಯೋಚಿಸಿರಲಿಲ್ಲ.

ಅಟ್ಲಾಂಟಾ ಕನ್ನಡತಿ

ನಾನು ಅಟ್ಲಾಂಟಾಕ್ಕೆ ಬಂದು ಹನ್ನೊಂದು ವರ್ಷ. ನಮ್ಮ ಪಕ್ಕದ ಮನೆಯಲ್ಲಿ ಕಪ್ಪು ಮಹಿಳೆ ಒಬ್ಬರಿದ್ದಾರೆ. ಎಪ್ಪತ್ತರ ಮೇಲೆ ವಯಸ್ಸು. ನನ್ನ ಮಗಳಿಗೆ ನಾವು ಕಲಿಸಿದ ಹಾಗೆ ಅವಳು ಅವರನ್ನು ‘ಆಂಟಿ’ ಅಂತ ಕರೆದಳು. ಅವರು ನಕ್ಕರು. ಮಗಳ ಕೆನ್ನೆ ಸವರಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಮಗು ನನ್ನನ್ನು ‘ಮಿಸ್’ ಅಂತ ಸೇರಿಸಿ ಕರೆಯಲಿ, ಆ ಇನ್ನೊಂದು ಪದ ಬೇಡ ಅಂದರು. ನನಗೆ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ನಾವು ಮರ್ಯಾದೆ ಅಂತಲೇ ಹೇಳಿಕೊಟ್ಟಿದ್ದು.

ಕಾರಣ ಆಮೇಲೆ ಓದಿ ತಿಳಿಯಿತು. ದಕ್ಷಿಣದ ಬಿಳಿಯರು ಕಪ್ಪು ಹೆಂಗಸರನ್ನು ‘ಮಿಸೆಸ್’ ಅನ್ನಬಾರದು ಅಂತಲೇ ಬೇರೆ ಪದಗಳನ್ನು ಇಟ್ಟುಕೊಂಡಿದ್ದರು. ಪ್ರಾಯದಲ್ಲಿ ‘ಗರ್ಲ್’, ವಯಸ್ಸಾದ ಮೇಲೆ ‘ಆಂಟಿ’. ಗಂಡಸರಿಗೆ ‘ಬಾಯ್’, ಆಮೇಲೆ ‘ಅಂಕಲ್’. ಇಡೀ ಬದುಕಿನಲ್ಲಿ ಒಂದು ದಿನವೂ ಮಿಸೆಸ್ ಆಗುವುದಿಲ್ಲ, ಮಿಸ್ಟರ್ ಆಗುವುದಿಲ್ಲ. ಆಂಟ್ ಜೆಮೈಮಾ ಅಂತ ದೋಸೆ ಹಿಟ್ಟಿನಂಥ ಪ್ಯಾನ್‌ಕೇಕ್ ಹಿಟ್ಟಿನ ಬ್ರ್ಯಾಂಡ್ ಇತ್ತಲ್ಲ, ಆ ‘ಆಂಟ್’ ಅದೇ. 1889ರಿಂದ ಇದ್ದ ಹೆಸರು ಅದು. ಕೈಬಿಡುತ್ತೇವೆ ಅಂತ ಕಂಪನಿ ಹೇಳಿದ್ದು 2020ರಲ್ಲಿ.

ಆ ಪಕ್ಕದ ಮನೆಯವರ ತಾಯಿ ಬಿಳಿಯರ ಮನೆಗಳಲ್ಲಿ ಕೆಲಸ ಮಾಡಿದವರು. ಇಪ್ಪತ್ತು ವರ್ಷ ದುಡಿದ ಮನೆಯಲ್ಲೂ ಅವರ ಮನೆತನದ ಹೆಸರು ಯಾರಿಗೂ ಗೊತ್ತಿರಲಿಲ್ಲವಂತೆ.

ನಿಮ್ಮ ಗುಂಪು ಡೊರೊಥಿ ಬೋಲ್ಡನ್ ಬಗ್ಗೆಯೂ ಓದಬೇಕು. ನಮ್ಮೂರಿನವರೇ ಅಂತ ನನಗೆ ಹೆಮ್ಮೆ. ಒಂಬತ್ತು ವರ್ಷಕ್ಕೇ ಮನೆಗೆಲಸಕ್ಕೆ ಇಳಿದವರು. ಒಂದು ಸಂಜೆ, ಇನ್ನೂ ಇದ್ದು ಪಾತ್ರೆ ತೊಳೆದು ಹೋಗು ಅಂತ ಮಾಲಕಿ ಹೇಳಿದಾಗ ಒಲ್ಲೆ ಅಂದರು. ಪೊಲೀಸರು ಹಿಡಿದುಕೊಂಡು ಹೋದರು. ಬಿಳಿ ಹೆಂಗಸಿಗೆ ಎದುರು ಮಾತಾಡಿದ್ದಾಳೆ ಅಂದರೆ ಇವಳಿಗೆ ತಲೆ ಕೆಟ್ಟಿರಬೇಕು ಅಂತ ತೀರ್ಮಾನ! 1968ರಲ್ಲಿ ಇದೇ ಬೋಲ್ಡನ್ ಮನೆಗೆಲಸದವರ ಸಂಘ ಕಟ್ಟಿದರು. ಸೇರುವವರಿಗೆ ಒಂದು ಷರತ್ತು: ವೋಟರ್ ಪಟ್ಟಿಯಲ್ಲಿ ಹೆಸರು ಇರಲೇಬೇಕು.

ಸುಮ್ನೆ ಕೇಳ್ದೆ

ತಪ್ಪು ತಿಳಿಯಬೇಡಿ. ನಮ್ಮ ಊರಿನ ಮಾದಯ್ಯನವರ ಕಥೆ ಇಷ್ಟೊಂದು ಇರುವಾಗ ಅಮೆರಿಕದ್ದು ಯಾಕೆ ಓದಬೇಕು? ದೂರದ ನೋವಿಗೆ ಮರುಗುವುದು ಸುಲಭ. ಅಲ್ಲಿ ನಾವು ತಪ್ಪು ಮಾಡಿದವರ ಸಾಲಿನಲ್ಲಿ ಇರುವುದಿಲ್ಲ.

ಮಾದಯ್ಯನ ಮೊಮ್ಮಗ

ಒಳ್ಳೆಯ ಪ್ರಶ್ನೆ. ನನ್ನ ಅನುಭವ ಹೇಳುತ್ತೇನೆ. ತಾತನ ಈ ಕಥೆಯನ್ನು ನಾನು ಇಲ್ಲಿವರೆಗೆ ಎಲ್ಲೂ ಬರೆದಿರಲಿಲ್ಲ. ಇವತ್ತು ಬರೆದೆ. ಹ್ಯಾಮಿಲ್ಟನ್ ಅವರ ಕಥೆ ಓದಿದ್ದಕ್ಕೇ ಬರೆದೆ. ಈ ದಾರಿ ಹೊಸದೂ ಅಲ್ಲ. ಜೋತಿಬಾ ಫುಲೆ ಅವರು 1873ರಲ್ಲೇ ತಮ್ಮ ‘ಗುಲಾಮಗಿರಿ’ಯನ್ನು, ಗುಲಾಮಿ ಪದ್ಧತಿ ಕಿತ್ತುಹಾಕಲು ದುಡಿದ ಅಮೆರಿಕದ ಜನರಿಗೆ ಅರ್ಪಿಸಿದ್ದರು.

ಯಲ್ಲಾಪುರದವಳು

ಇಷ್ಟು ದಿನ ಇಲ್ಲಿ ಓದುತ್ತಿದ್ದೆ, ಬರೆದಿರಲಿಲ್ಲ. ನಾನು ಸಿದ್ದಿ ಸಮುದಾಯದವಳು. ಯಲ್ಲಾಪುರದ ಹತ್ತಿರದ ಹಳ್ಳಿ ನಮ್ಮದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ನಮ್ಮ ಹಿರಿಯರು ಆಫ್ರಿಕಾದಿಂದ ಬಂದು ತಲೆಮಾರುಗಳೇ ಆದವು. ಮಳೆಗಾಲದಲ್ಲಿ ನಮ್ಮ ಅಜ್ಜಿ ಹೊಲಿಯುವ ಕೌದಿ ಹೊದ್ದು ಮಲಗಿದವಳು ನಾನು.

ಬೆಂಗಳೂರಿಗೆ ಬಂದ ಮೊದಲ ವಾರ. ಬಸ್ಸಿನಲ್ಲಿ ಇಬ್ಬರು ಹುಡುಗಿಯರು ನನ್ನ ಹಿಂದಿನ ಸೀಟಿನಲ್ಲಿ. ‘ಇವಳ ಕೂದಲು ನೋಡೇ, ಬಾಚಣಿಗೆ ಹೋಗುತ್ತಾ?’ ಅಂದಳು ಒಬ್ಬಳು. ನನಗೆ ಕನ್ನಡ ಬರುವುದಿಲ್ಲ ಅಂದುಕೊಂಡಿದ್ದಳು. ಅದೇ ಹುಡುಗಿ ಇಳಿಯುವಾಗ ನನ್ನ ಕಾಲು ತುಳಿದು ‘ಸಾರಿ ಮೇಡಂ’ ಅಂದಳು ಇಂಗ್ಲಿಷಿನಲ್ಲಿ. ‘ಪರವಾಗಿಲ್ಲ’ ಅಂದೆ. ಅವಳ ಮುಖ ಬಿಳಿಚಿಕೊಂಡಿತು. ಇಂಗ್ಲಿಷಿನಲ್ಲಿ ಮೇಡಂ, ಕನ್ನಡದಲ್ಲಿ ‘ಇವಳ ಕೂದಲು’. ಹಾಗಾಗಿ ಈ ಚರ್ಚೆ ನನಗೆ ದೂರದ್ದು ಅನಿಸುವುದಿಲ್ಲ. ಕೂದಲಿನ ವಿಷಯಕ್ಕೆ ಅಮೆರಿಕದಲ್ಲಿ ಕಾನೂನೇ ಬೇಕಾಯಿತು. ಗುಂಗುರು ಕೂದಲು, ಜಡೆ ನೋಡಿ ಕೆಲಸದಲ್ಲಿ, ಶಾಲೆಯಲ್ಲಿ ಭೇದ ಮಾಡಬಾರದು ಅಂತ ಮೊದಲು ಕ್ಯಾಲಿಫೋರ್ನಿಯಾ 2019ರಲ್ಲಿ ಮಾಡಿತು. ಅದನ್ನು ಓದಿದ ದಿನ ನಾನು ಕನ್ನಡಿ ಮುಂದೆ ತುಂಬ ಹೊತ್ತು ನಿಂತಿದ್ದೆ.

‘ಸುಮ್ನೆ ಕೇಳ್ದೆ’ ಅವರಿಗೆ: 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಬೇರೆ ಯಾರದೋ ಕಾರಿನಿಂದ ಆದ ಅಪಘಾತಕ್ಕೆ ಸಿಟ್ಟು ತೀರಿಸಿಕೊಂಡಿದ್ದು ಇವರ ಮೇಲೆ. ಆ ಅಪಘಾತ ಮಾಡಿದವನು ಸುಡಾನ್ ದೇಶದವನು. ಗುಂಪಿಗೆ ಎಲ್ಲರೂ ಒಂದೇ. ಆ ವಾರ ನಮ್ಮ ಹುಡುಗಿಯರು ಹಾಸ್ಟೆಲಿನಿಂದ ಹೊರಗೆ ಬರಲಿಲ್ಲ.

ಒಂದು ಕೋರಿಕೆಯೂ ಇದೆ. ನಮ್ಮನ್ನು ಅಮೆರಿಕದ ಕಥೆಯ ತುಂಡು ಅಂತ ಮಾತ್ರ ನೋಡಬೇಡಿ. ನಮ್ಮದು ಬೇರೆ ಇತಿಹಾಸ, ಬೇರೆ ಕಾಡು. ‘ಕರಿಯರು’ ಅಂತ ಬರೆಯುವುದನ್ನೂ ಬಿಡಿ. ನಮ್ಮ ಕಡೆ ಕರಿಯಮ್ಮ ಅಂದರೆ ದೇವಿ, ಕೈ ಮುಗಿಯುತ್ತಾರೆ. ದಾರಿಯಲ್ಲಿ ಹೋಗುವವಳನ್ನು ‘ಏ ಕರಿ’ ಅಂದಾಗ ಅದರಲ್ಲಿ ಅಮ್ಮ ಇರುವುದಿಲ್ಲ.

ಲ್ಯಾಬ್ ಹುಡುಗಿ

ನೀವೆಲ್ಲ ‘ಅವಳು’, ‘ಅವರು’ ಅಂತ ಮಾತಾಡುತ್ತಿದ್ದೀರಿ. ನಾವು ‘ಅದು’ ಅನ್ನುತ್ತೇವೆ.

ನಾನು ಜೀವಕೋಶಗಳ ಮೇಲೆ ಕೆಲಸ ಮಾಡುತ್ತೇನೆ. ದಿನಾ ಬೆಳಿಗ್ಗೆ ಇನ್‌ಕ್ಯುಬೇಟರ್ ತೆಗೆದು ಹೀಲಾ ಕೋಶಗಳಿಗೆ ಹೊಸ ದ್ರವ ಹಾಕುವುದು ನನ್ನ ಮೊದಲ ಕೆಲಸ. ಫ್ಲಾಸ್ಕಿನ ತಳದಲ್ಲಿ ತೆಳ್ಳಗೆ ಹರಡಿಕೊಂಡಿರುತ್ತವೆ. ಮೇಲೆ ಮಾರ್ಕರಿನಲ್ಲಿ ‘ಹೀಲಾ’ ಅಂತ ಬರೆದು ತಾರೀಕು ಹಾಕುತ್ತೇವೆ. ‘ಹೀಲಾ ಚೆನ್ನಾಗಿ ಬೆಳೀತಾ ಇದೆ’, ‘ಹೀಲಾ ಹಾಳಾಯ್ತು, ಬಿಸಾಕು’ ಅಂತೆಲ್ಲ ಮಾತಾಡುತ್ತೇವೆ. ಎರಡು ವರ್ಷ ಹೀಗೆ ಕೆಲಸ ಮಾಡಿದ ಮೇಲೆ ಅದು ಒಬ್ಬ ಮನುಷ್ಯರ ಹೆಸರಿನ ಮೊದಲಕ್ಷರಗಳು ಅಂತ ತಿಳಿಯಿತು.

ಹೆನ್ರಿಯೆಟಾ ಲ್ಯಾಕ್ಸ್. ಐದು ಮಕ್ಕಳ ತಾಯಿ. 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಗರ್ಭಕೊರಳಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವಾಗ ಅವರನ್ನು ಕೇಳದೆ ಗೆಡ್ಡೆಯ ಚೂರು ತೆಗೆದರು. ಆ ಕೋಶಗಳು ಸಾಯದೆ ಬೆಳೆಯುತ್ತಾ ಹೋದವು. ಪೋಲಿಯೊ ಲಸಿಕೆಯ ಪರೀಕ್ಷೆಗೂ ಅವೇ ಬಳಕೆಯಾದವು. ಲ್ಯಾಕ್ಸ್ ಅದೇ ವರ್ಷ ಅಕ್ಟೋಬರ್ 4ರಂದು ತೀರಿಕೊಂಡರು. 31 ವರ್ಷ ಅಷ್ಟೇ. ಎಷ್ಟೋ ವರ್ಷ ಹೊರಗಿನ ಜನಕ್ಕೆ ‘ಹೆಲೆನ್ ಲೇನ್’ ಅನ್ನುವ ಸುಳ್ಳು ಹೆಸರು ಗೊತ್ತಿತ್ತು. ಮನೆಯವರಿಗೆ ವಿಷಯ ತಿಳಿದಿದ್ದು ಎರಡು ದಶಕ ಕಳೆದ ಮೇಲೆ. ವರ್ಜೀನಿಯಾದ ಕ್ಲೋವರ್‌ನಲ್ಲಿರುವ ಅವರ ಸಮಾಧಿಗೆ ಹೆಸರಿನ ಕಲ್ಲು ಬಂದಿದ್ದು 2010ರಲ್ಲಿ. ಕೋಶಗಳಿಂದ ಲಾಭ ಮಾಡಿಕೊಂಡ ಒಂದು ಕಂಪನಿಯ ಜೊತೆ ಮನೆಯವರ ಕೇಸು ರಾಜಿಯಾಗಿದ್ದು 2023ರಲ್ಲಿ.

ಈಗ ನಾನು ಫ್ಲಾಸ್ಕ್ ಮೇಲೆ ಬರೆಯುವುದು ‘ಹೀಲಾ’ ಅಂತಲೇ, ಬೇರೆ ದಾರಿ ಇಲ್ಲ. ಆದರೆ ಹೊಸದಾಗಿ ಸೇರಿದವರಿಗೆ ಕೆಲಸ ಕಲಿಸುವ ಮೊದಲ ದಿನ ಲ್ಯಾಕ್ಸ್ ಅವರ ಪೂರ್ತಿ ಹೆಸರು ಹೇಳಿಯೇ ಮುಚ್ಚಳ ತೆಗೆಯುತ್ತೇನೆ.

ಕಿಟಕಿ ಪಕ್ಕ

ಇಷ್ಟೆಲ್ಲ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ನಿಮ್ಮ ಉತ್ತರಗಳನ್ನು ಪ್ರಿಂಟ್ ತೆಗೆದು ಅಕ್ಕನಿಗೆ ಓದಿ ಹೇಳಿದೆ. ಮಾದಯ್ಯನವರ ಕಥೆಯನ್ನು ಎರಡು ಸಲ ಓದಿಸಿದರು.

ಓದುತ್ತಾ ಇನ್ನೊಂದು ವಿಷಯ ಸಿಕ್ಕಿತು. ಅದೇ 1963ರ ಜೂನ್. ಹ್ಯಾಮಿಲ್ಟನ್ ಅವರು ಅಲಬಾಮಾದ ಕೋರ್ಟಿನಲ್ಲಿ ಇದ್ದ ತಿಂಗಳಲ್ಲೇ ಪಕ್ಕದ ಮಿಸಿಸಿಪ್ಪಿಯ ವಿನೋನಾ ಜೈಲಿನಲ್ಲಿ ಫ್ಯಾನಿ ಲೂ ಹೇಮರ್ ಅವರನ್ನು ಹೊಡೆಯುತ್ತಿದ್ದರು. ಹತ್ತಿ ಹೊಲದ ಕೂಲಿ ಕುಟುಂಬದ ಇಪ್ಪತ್ತನೇ ಮಗು ಅವರು. ವೋಟರ್ ಪಟ್ಟಿಗೆ ಹೆಸರು ಬರೆಸಲು ಹೋಗಿದ್ದಕ್ಕೆ 1962ರಲ್ಲಿ ಇದ್ದ ಜಾಗದಿಂದ ರಾತ್ರೋರಾತ್ರಿ ಎಬ್ಬಿಸಿದ್ದರು.

1964ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಿತಿ ಮುಂದೆ ಹೇಮರ್ ಸಾಕ್ಷಿ ಹೇಳಿದರು. ತಮಗೆ ಬಿದ್ದ ಏಟಿನ ಬಗ್ಗೆ ಹೇಳುವ ಮೊದಲು ಪಕ್ಕದಿಂದ ಕೇಳಿಸಿದ್ದನ್ನು ಹೇಳುತ್ತಾರೆ. ಜೊತೆಗಿದ್ದ ಅನೆಲ್ ಪಾಂಡರ್ ಅವರನ್ನು ಹೊಡೆಯುತ್ತಾ ‘ಎಸ್ ಸರ್’ ಅನ್ನು, ಅನ್ನೋಕೆ ಬರುತ್ತಾ ಅಂತ ಕೇಳುತ್ತಿದ್ದರಂತೆ. ಬರುತ್ತೆ ಅಂದರು ಪಾಂಡರ್. ಹಾಗಾದರೆ ಅನ್ನು ಅಂದರು. ನನಗೆ ನಿಮ್ಮ ಪರಿಚಯ ಅಷ್ಟೊಂದು ಇಲ್ಲ ಅಂದರಂತೆ ಪಾಂಡರ್. ಮತ್ತೆ ಏಟು.

ಒಂದು ಕಡೆ ‘ಮಿಸ್’ ಅನ್ನಲು ವಕೀಲನ ನಾಲಿಗೆ ಏಳುವುದಿಲ್ಲ. ಇನ್ನೊಂದು ಕಡೆ ‘ಸರ್’ ಅನ್ನಿಸಲು ಹೆಂಗಸನ್ನು ಸಾಯ ಬಡಿಯುತ್ತಾರೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಹಳೇ ಟೀಚರ್

ಕಿಟಕಿ ಪಕ್ಕ, ಕೋರ್ಟಿನ ಮಾತುಗಳನ್ನು ಕನ್ನಡಕ್ಕೆ ತರುತ್ತೀರಾದರೆ ಒಂದು ತೊಡಕು ಬರುತ್ತದೆ. ಇಂಗ್ಲಿಷಿನ ‘ಯು’ ನೀನೂ ಹೌದು, ನೀವೂ ಹೌದು. ಅಲ್ಲಿ ಅವಮಾನ ಇದ್ದಿದ್ದು ಹೆಸರಿನಲ್ಲಿ ಮಾತ್ರ. ಕನ್ನಡದಲ್ಲಿ ‘ಮೇರಿ, ನಿಮ್ಮನ್ನು ಯಾರು ಹಿಡಿದರು’ ಅಂದರೆ ಓದುವವರಿಗೆ ಅವಮಾನವೇ ಗೊತ್ತಾಗುವುದಿಲ್ಲ. ಮರ್ಯಾದೆ ಕೊಟ್ಟೇ ಕೇಳುತ್ತಿದ್ದಾನಲ್ಲ, ಇವರದೇ ಹಟ ಅನಿಸಿಬಿಡುತ್ತದೆ. ನನ್ನ ಸಲಹೆ: ಮೊದಲ ಪ್ರಶ್ನೆ ‘ನಿಮ್ಮ ಹೆಸರೇನು’ ಅಂತಿರಲಿ. ಅಲ್ಲಿ ಅವನು ‘ಪ್ಲೀಸ್’ ಅಂದಿದ್ದಾನೆ. ಎರಡನೇ ಪ್ರಶ್ನೆಗೆ ‘ನಿನ್ನ’ಕ್ಕೆ ಇಳಿಯಲಿ.

ಇನ್ನು ‘ಮಿಸ್’. ‘ಕುಮಾರಿ’ ಅಂದರೆ ಲಗ್ನಪತ್ರಿಕೆ ಓದಿದ ಹಾಗೆ ಕೇಳಿಸುತ್ತದೆ. ‘ಮಿಸ್’ ಅಂತಲೇ ಬಿಡಿ. ನಮ್ಮ ಮಕ್ಕಳಿಗೆ ಮಿಸ್ ಅಂದರೆ ಟೀಚರ್. ಹ್ಯಾಮಿಲ್ಟನ್ ಅವರು ಮುಂದೆ ನ್ಯೂಯಾರ್ಕ್ ಕಡೆ ಶಾಲೆಯಲ್ಲಿ ಇಂಗ್ಲಿಷ್ ಟೀಚರೇ ಆದರು.

ಕಿಟಕಿ ಪಕ್ಕ

ಟೀಚರ್, ಹಾಗೇ ಮಾಡಿದೆ. ಹೀಗೆ ಬಂದಿದೆ:

ವಕೀಲ: ದಯವಿಟ್ಟು ನಿಮ್ಮ ಹೆಸರು ಹೇಳಿ.
ಸಾಕ್ಷಿ: ಮಿಸ್ ಮೇರಿ ಹ್ಯಾಮಿಲ್ಟನ್.
ವಕೀಲ: ಮೇರಿ, ನಿನ್ನನ್ನು ಅರೆಸ್ಟ್ ಮಾಡಿದ್ದು ಯಾರು?
ಸಾಕ್ಷಿ: ನನ್ನ ಹೆಸರು ಮಿಸ್ ಹ್ಯಾಮಿಲ್ಟನ್. ಸರಿಯಾಗಿ ಕರೆಯಿರಿ.
ವಕೀಲ: ನಿನ್ನನ್ನು ಅರೆಸ್ಟ್ ಮಾಡಿದ್ದು ಯಾರು, ಮೇರಿ?

ಮುಂದಿನ ಭಾನುವಾರ ಇದನ್ನು ಪಾತ್ರ ಹಂಚಿಕೊಂಡು ಓದುತ್ತೇವೆ. ಹ್ಯಾಮಿಲ್ಟನ್ ಅವರ ಮಾತುಗಳನ್ನು ತಾನೇ ಓದುತ್ತೇನೆ ಅಂತ ಅಕ್ಕ ಹಾಳೆ ತೆಗೆದುಕೊಂಡು ಹೋಗಿದ್ದಾರೆ. ಬಿಸಿಯೂಟದ ಅನ್ನ ಬೇಯುವ ಹೊತ್ತಿನಲ್ಲಿ ಜೋರಾಗಿ ಹೇಳಿಕೊಂಡು ಅಭ್ಯಾಸ ಮಾಡುತ್ತಿದ್ದಾರಂತೆ. ವಕೀಲನ ಪಾತ್ರ ನನಗೆ ಬಂದಿದೆ. ಅಕ್ಕನ ಮುಖ ನೋಡಿ ಮೂರನೇ ಸಾಲು ಹೇಳಬೇಕು. ಮನೆಯಲ್ಲಿ ಎರಡು ಸಲ ಹೇಳಿ ನೋಡಿದೆ. ‘ಮೇರಿ’ ಅನ್ನುವವರೆಗೆ ಬರುತ್ತದೆ, ‘ನಿನ್ನನ್ನು’ ಅನ್ನುವಾಗ ದನಿ ಸಣ್ಣಗಾಗುತ್ತದೆ.